ಮೊದಲ ಸೆಕೆಂಡಿನ ಕರೆಂಟು

ಕೆಳಗೆ ಗ್ಯಾರೇಜಿನಲ್ಲಿ ಕಂಪ್ರೆಸರ್ ಚಾಲೂ ಆದಾಗಲೆಲ್ಲ ಮೇಲಿನ ಕೋಣೆಯ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಮೊದಲ ಎರಡು ದಿನ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೊಡ್ಡ ಮೋಟಾರ್ ಎದ್ದಾಗ ಮನೆಯ ದೀಪ ಸ್ವಲ್ಪ ಬಾಗುವುದು ಹಳೇ ಮನೆಗಳಲ್ಲಿ ಹೊಸದೇನಲ್ಲ. ಮೂರನೆಯ ದಿನ ಸಂಜೆ ಮಾತ್ರ ಟ್ಯೂಬ್‌ಲೈಟ್ ಪೂರ್ತಿ ಆರಿತು. ಅದರ ಹಿಂದೆಯೇ ಹಾಸಿಗೆಯ ಪಕ್ಕದಲ್ಲಿದ್ದ ಆಕ್ಸಿಜನ್ ಕಾನ್ಸಂಟ್ರೇಟರ್ ಕೂಗಿಕೊಂಡಿತು. ನಾಲ್ಕೈದು ಸೆಕೆಂಡು ಅಷ್ಟೇ. ಆಮೇಲೆ ದೀಪ ಬಂತು, ಪೆಟ್ಟಿಗೆಯೂ ಸುಮ್ಮನಾಯಿತು. ಆದರೆ ಕೆಳಗಿದ್ದ ತಮ್ಮ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆಸೆದು ಮೆಟ್ಟಿಲು ಹತ್ತಿ ಓಡಿದ್ದ.

ಅಣ್ಣ ಮೂಗಿನ ನಳಿಕೆ ಸರಿಮಾಡಿಕೊಳ್ಳುತ್ತ ಕೂತಿದ್ದ. ಮೊದಲು ಹೇಳಿದ ಮಾತು ತನ್ನ ಉಸಿರಿನ ಬಗ್ಗೆ ಅಲ್ಲ, ಯಂತ್ರದ ಉಸಿರಿನ ಬಗ್ಗೆ.

‘ನಿನ್ನ ಮಷೀನು ನಿಂತ ಮ್ಯಾಲ ಉಸರು ಬಿಡೂದಿಲ್ಲಲೋ. ನಿನ್ನೆಯಿಂದ ಕೇಳಾಕತ್ತೀನಿ.’

ಮನೆ ಇರುವುದು ಪುಣೆಯ ನಿಗಡಿಯಲ್ಲಿ, ಪ್ರಾಧಿಕರಣದ ಒಂದು ಸೆಕ್ಟರಿನಲ್ಲಿ. ಪಿಂಪ್ರಿ-ಚಿಂಚವಡದ ಕಾರ್ಖಾನೆಗಳ ಸುತ್ತ ಬೆಳೆಯುತ್ತಿದ್ದ ಊರಿಗೆ ಒಂದು ಕ್ರಮ ತರಲು 1972ರಲ್ಲಿ ನವನಗರ ವಿಕಾಸ ಪ್ರಾಧಿಕರಣ ಹುಟ್ಟಿತು. ಅದು ಹಂಚಿದ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರಲ್ಲಿ ಫಿಟ್ಟರ್, ಟರ್ನರ್, ಮೋಲ್ಡರ್‌ಗಳು ಬಹಳ. ಕೆಳಗೆ ಒಂದು ಸ್ಕೂಟರ್ ನಿಲ್ಲುವಷ್ಟು ಅಥವಾ ಆಸೆ ಇದ್ದವರಿಗೆ ಒಂದು ಕಾರು ನಿಲ್ಲುವಷ್ಟು ಗ್ಯಾರೇಜು, ಪಕ್ಕದಲ್ಲಿ ಮೆಟ್ಟಿಲು, ಮೇಲೆ ಎರಡು ಕೋಣೆ. ಈ ಮನೆಯ ಗ್ಯಾರೇಜಿಗೆ ಕಾರು ಬರಲೇ ಇಲ್ಲ. ಬಂದದ್ದು ಬೆಂಚ್ ವೈಸ್, ಡ್ರಿಲ್ ಸ್ಟ್ಯಾಂಡು, ಬಿಚ್ಚಿಟ್ಟ ಸ್ಕೂಟರುಗಳು, ಕೊನೆಗೆ ಈ ಕಂಪ್ರೆಸರ್.

ಅಣ್ಣ ಬೆಳಗಾವಿ ಜಿಲ್ಲೆಯಿಂದ ಇಲ್ಲಿಗೆ ಬಂದದ್ದು 1974ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ. ಆಗ ಬೆಳಗಾವಿಯಿಂದ ಮೀರಜ್‌ವರೆಗೆ ಮೀಟರ್ ಗೇಜು. ಅಲ್ಲಿ ಇಳಿದು, ಟ್ರಂಕು ಹೊತ್ತು, ಬ್ರಾಡ್ ಗೇಜಿನ ಗಾಡಿ ಹಿಡಿಯಬೇಕಿತ್ತು. ಆ ದಾರಿಯಲ್ಲಿ ಬಂದವರಲ್ಲಿ ಅವನು ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲಿಗೆ ಕೈಹಾಕಿ, 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾಲದಿಂದಲೂ ಆ ಸೀಮೆಯ ಹುಡುಗರಿಗೆ ಎರಕ, ಲೇತು, ಎಂಜಿನ್ನು ಎಂದರೆ ಉತ್ತರದ ದಿಕ್ಕೇ. ಆ ಮನೆತನದ ಎಂಜಿನ್ ಕಾರ್ಖಾನೆ 1946ರಲ್ಲಿ ಪುಣೆಯ ಖಡ್ಕಿಗೆ ಬಂತು. ಗಾಳಿ ಒತ್ತುವ ಯಂತ್ರಗಳ ಕಾರ್ಖಾನೆ 1958ರಲ್ಲಿ ಹಡಪ್ಸರದಲ್ಲಿ ಶುರುವಾಯಿತು. ಅಣ್ಣ ಕೆಲಸ ಮಾಡಿದ್ದು ಇವೆರಡರಲ್ಲೂ ಅಲ್ಲ, ಒಂದು ಸಣ್ಣ ಫೌಂಡ್ರಿಯಲ್ಲಿ.

ಅಲ್ಲಿ ಅವನದು ಫೆಟ್ಲಿಂಗ್ ವಿಭಾಗ. ಅಚ್ಚಿನಿಂದ ಹೊರಬಂದ ಎರಕದ ತುಂಡಿಗೆ ಅಂಟಿಕೊಂಡ ಮರಳನ್ನು ಒಡೆದು, ಉಜ್ಜಿ, ಕೊನೆಗೆ ಗಾಳಿಯ ಪೈಪು ಹಿಡಿದು ಊದಿ ಸ್ವಚ್ಛ ಮಾಡುವ ಕೆಲಸ. ಸಂಜೆ ಮನೆಗೆ ಹೊರಡುವ ಮೊದಲು ಅದೇ ಪೈಪಿನಿಂದ ತನ್ನ ಬಟ್ಟೆಯನ್ನೂ ಊದಿಕೊಳ್ಳುತ್ತಿದ್ದ, ಎಲ್ಲರೂ ಹಾಗೇ ಮಾಡುತ್ತಿದ್ದರು. ಬಟ್ಟೆ ಸ್ವಚ್ಛವಾಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಮೂವತ್ತು ವರ್ಷದ ನಂತರ ಎಕ್ಸ್‌ರೇಯಲ್ಲಿ ಕಂಡಿತು. 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿನಲ್ಲಿತ್ತು. ಅಣ್ಣನ ಕಾಗದಪತ್ರಗಳಲ್ಲಿ ಆ ಶಬ್ದ ಎಲ್ಲೂ ಇಲ್ಲ. ಶ್ವಾಸಕೋಶದ ಹಳೇ ಕಾಯಿಲೆ ಎಂದಿದೆ, ಬೀಡಿ ಸೇದುತ್ತಿದ್ದ ಎಂದಿದೆ. ಸೇದುತ್ತಿದ್ದದ್ದೂ ನಿಜ.

2021ರ ಬೇಸಿಗೆಯಲ್ಲಿ ದೇಶದ ಮನೆಮನೆಗೂ ಕಾನ್ಸಂಟ್ರೇಟರ್ ಎಂಬ ಹೆಸರು ಗೊತ್ತಾಯಿತು. ಈ ಮನೆಗೆ ಅದು ಅದಕ್ಕೂ ಎರಡು ವರ್ಷ ಮೊದಲೇ ಬಂದಿತ್ತು. ಆ ಪೆಟ್ಟಿಗೆಯೊಳಗೆ ಇರುವುದೂ ಒಂದು ಕಂಪ್ರೆಸರೇ. ಎಣ್ಣೆ ಇಲ್ಲದ, ಪುಟ್ಟ ಕಂಪ್ರೆಸರ್. ಅದು ಕೋಣೆಯ ಗಾಳಿಯನ್ನು ಒತ್ತಿ ಜಿಯೋಲೈಟ್ ಹರಳು ತುಂಬಿದ ಎರಡು ಕೊಳವೆಗಳಿಗೆ ಸರದಿಯಂತೆ ನೂಕುತ್ತದೆ. ಹರಳು ನೈಟ್ರೋಜನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ನೂರಕ್ಕೆ ತೊಂಬತ್ತರಷ್ಟು ಅಥವಾ ತುಸು ಹೆಚ್ಚು ಶುದ್ಧವಾದ ಆಕ್ಸಿಜನ್ ಹೊರಬರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಒಂದು ಕೊಳವೆಯ ಒತ್ತಡ ಇಳಿಸಿ, ಹಿಡಿದ ನೈಟ್ರೋಜನ್ನನ್ನು ‘ಉಸ್’ ಎಂದು ಹೊರಬಿಡುತ್ತದೆ. ದಿನವಿಡೀ ಆ ಉಸ್ ಕೇಳಿಕೊಂಡೇ ಮಲಗಿರುವವನಿಗೆ ಕೆಳಗಿನ ದೊಡ್ಡ ಯಂತ್ರ ನಿಂತಾಗ ಉಸ್ ಎನ್ನಲಿಲ್ಲ ಎನ್ನುವುದು ಗೊತ್ತಾಗದೆ ಇರುತ್ತದೆಯೇ?

ಈ ದೊಡ್ಡ ಯಂತ್ರ ಬಂದದ್ದು ಭೋಸರಿಯಲ್ಲಿ ಮುಚ್ಚಿಹೋದ ಒಂದು ಗ್ಯಾರೇಜಿನಿಂದ, ಸೆಕೆಂಡ್ ಹ್ಯಾಂಡ್. ಎರಡು ಸಿಲಿಂಡರು, 160 ಲೀಟರ್ ಟ್ಯಾಂಕು, ನೆಲಕ್ಕೆ ಬೋಲ್ಟು ಹಾಕಿ ಕೂರಿಸುವಂಥದ್ದು. ಅದರ ಮೂಲ ಮೋಟಾರ್ ತ್ರೀ ಫೇಸಿನದು. ಮನೆಯ ಮೀಟರು ಸಿಂಗಲ್ ಫೇಸು. ಹಾಗಾಗಿ ತಮ್ಮ ಅದನ್ನು ಬಿಚ್ಚಿ 3 ಹೆಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಕೂರಿಸಿದ. ಅವನು ಟೂಲ್ ರೂಮಿನಿಂದ ನಿವೃತ್ತನಾದವನು, ಕಬ್ಬಿಣದ ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ. ಬೆಲ್ಟಿನ ಬಿಗಿ, ಪುಲ್ಲಿಯ ಸಾಲು, ಕೆಳಗಿನ ರಬ್ಬರ್ ಪ್ಯಾಡು ಎಲ್ಲ ಅಚ್ಚುಕಟ್ಟು. ಕರೆಂಟಿನ ಕೆಲಸವನ್ನು ಮಾತ್ರ ಕಬ್ಬಿಣದವರು ಯಾವಾಗಲೂ ಮಾಡುವ ಹಾಗೆ ಮಾಡಿದ್ದ. ಪ್ಲಗ್ಗಿಗೆ ವೈರ್ ಕಟ್ಟಿ ಇದ್ದ ಸಾಕೆಟ್ಟಿಗೆ ಚುಚ್ಚಿದ್ದ.

ಯಂತ್ರ ತರುವ ಮೊದಲು ಅಣ್ಣ ಎರಡು ಷರತ್ತು ಹಾಕಿದ್ದ. ‘ಬಣ್ಣ ಹೊಡೀಬ್ಯಾಡ, ಮರಳು ಹೊಡೀಬ್ಯಾಡ. ಉಳದದ್ದು ಏನರ ಮಾಡ್ಕೋ.’ ಸ್ಪ್ರೇ ಬಣ್ಣದ ಹೊಗೆ ಮೆಟ್ಟಿಲು ಹತ್ತಿ ಬರುತ್ತದೆ, ಮರಳಿನ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಮ್ಮ ಎರಡಕ್ಕೂ ಒಪ್ಪಿದ. ಅವನಿಗೆ ಬೇಕಿದ್ದದ್ದು ತುಕ್ಕು ಹಿಡಿದ ನಟ್ಟು ಬಿಚ್ಚುವ ಗಾಳಿಯ ರೆಂಚು, ಕಾರ್ಬ್ಯುರೇಟರಿನ ಜೆಟ್ಟು ಊದುವ ಗನ್ನು, ಟಯರಿಗೆ ಗಾಳಿ. ಬಣ್ಣವನ್ನು ಭೋಸರಿಯ ಬೂತಿನಲ್ಲಿ ಹೊಡೆಸಿದರಾಯಿತು. ಗ್ಯಾರೇಜಿನಲ್ಲಿ ಬಿಚ್ಚಿಟ್ಟದ್ದು ಅಣ್ಣನದೇ ಬಜಾಜ್ ಚೇತಕ್. 1977ರಲ್ಲಿ ಬುಕ್ ಮಾಡಿ, 1984ರಲ್ಲಿ ಕೈಗೆ ಬಂದ ಗಾಡಿ. ಚೇತಕ್ ತಯಾರಾಗುತ್ತಿದ್ದ ಆಕುರ್ಡಿಯ ಕಾರ್ಖಾನೆ ಈ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಗಾಡಿಯ ಸರದಿಗೆ ಮಾತ್ರ ಏಳು ವರ್ಷ. ಆ ಕಾಲದವರಿಗೆ ಇದರಲ್ಲಿ ತಮಾಷೆ ಕಾಣುವುದಿಲ್ಲ.

ಕೂಗಿದ ಪೆಟ್ಟಿಗೆಯ ಮರುದಿನವೇ ತಮ್ಮ ಲೆಕ್ಕಕ್ಕೆ ಕೂತ. ಮೋಟಾರಿನ ತಗಡಿನ ಮೇಲೆ 15 ಆಂಪಿಯರ್ ಎಂದು ಬರೆದಿದೆ. ಅದು ಓಡುವಾಗಿನ ಕರೆಂಟು. ನಿಂತ ಮೋಟಾರ್ ಏಳುವಾಗ ಅದರ ಐದಾರು ಪಟ್ಟು ಎಳೆಯುತ್ತದೆ, ಅಂದರೆ 90 ಆಂಪಿಯರಿನ ಆಸುಪಾಸು. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ವೇಗ ಮುಕ್ಕಾಲು ಮುಟ್ಟುತ್ತಲೇ ಒಳಗಿನ ಸ್ವಿಚ್ಚು ‘ಟಕ್’ ಎಂದು ಸ್ಟಾರ್ಟಿಂಗ್ ಕೆಪಾಸಿಟರನ್ನು ಕಳಚುತ್ತದೆ, ಕರೆಂಟು ಇಳಿಯುತ್ತದೆ. ಪೂರ್ತಿ ದಿನದ ಕೆಲಸಕ್ಕೆ 15 ಸಾಕು, ಎದ್ದು ನಿಲ್ಲುವುದಕ್ಕೆ 90 ಬೇಕು. ಬೆಳಗ್ಗೆ ಹಾಸಿಗೆಯಿಂದ ಏಳುವ ಮುದುಕರಿಗೆ ಇದು ಅರ್ಥವಾಗುತ್ತದೆ.

ಗ್ಯಾರೇಜಿನ ಸಾಕೆಟ್ಟಿಗೆ ಕರೆಂಟು ಬರುತ್ತಿದ್ದ ದಾರಿ ಇನ್ನೊಂದು ವಿಚಿತ್ರ. ಮೀಟರು ಇರುವುದು ಗೇಟಿನ ಪಕ್ಕ. ಅಲ್ಲಿಂದ 2.5 ಚದರ ಮಿಲಿಮೀಟರಿನ ತಂತಿ ಮೇಲಿನ ಕೋಣೆಗೆ ಹೋಗಿ, ಅಲ್ಲಿನ ಬೋರ್ಡಿನಿಂದ ಮತ್ತೆ ಕೆಳಗೆ ಗ್ಯಾರೇಜಿಗೆ ಇಳಿದಿತ್ತು. ಮನೆ ಕಟ್ಟಿದಾಗ ಗ್ಯಾರೇಜಿಗೆ ಒಂದು ಬಲ್ಬು ಸಾಕಿತ್ತು, ಯಾರೋ ಹತ್ತಿರದ ಬೋರ್ಡಿನಿಂದ ಎಳೆದಿದ್ದರು. ಅಂದರೆ ಮೀಟರಿನಿಂದ ಮೇಲಿನ ಕೋಣೆಯವರೆಗೆ 16 ಮೀಟರ್ ತಂತಿಯನ್ನು ಅಣ್ಣನ ಪೆಟ್ಟಿಗೆ ಮತ್ತು ತಮ್ಮನ ಕಂಪ್ರೆಸರ್ ಹಂಚಿಕೊಂಡಿದ್ದವು. ಆ ತಂತಿಗೆ ಕಿಲೋಮೀಟರಿಗೆ ಸುಮಾರು 8 ಓಮ್ ರೋಧ. ಹೋಗಿಬರುವ ದಾರಿ 32 ಮೀಟರ್, ರೋಧ ಕಾಲು ಓಮ್. 90ರಿಂದ ಗುಣಿಸಿದರೆ 23 ವೋಲ್ಟ್. ಕಂಬದಿಂದ ಮೀಟರಿಗೆ ಬರುವ ಕೇಬಲ್ಲಿನಲ್ಲಿ ಇನ್ನೊಂದು ಒಂಬತ್ತು ಹತ್ತು. ಸಂಜೆ ಹೊತ್ತಿನಲ್ಲಿ 218 ಇದ್ದದ್ದು ಅಣ್ಣನ ಕೋಣೆಯಲ್ಲಿ 186 ಆಗುತ್ತಿತ್ತು. 230ಕ್ಕೆ ನೂರಕ್ಕೆ ಹತ್ತು ಹೆಚ್ಚುಕಡಿಮೆ ಎಂದರೆ ಕಾನ್ಸಂಟ್ರೇಟರಿನ ಸಹನೆ 207ಕ್ಕೆ ಮುಗಿಯಿತು.

ಅರ್ಧ ಸೆಕೆಂಡಾದರೆ ಅದು ಹೇಗೋ ತಡೆದುಕೊಳ್ಳುತ್ತಿತ್ತು. ಮೂರನೆಯ ದಿನ ನಾಲ್ಕೈದು ಸೆಕೆಂಡು ಯಾಕಾಯಿತು ಎನ್ನುವುದಕ್ಕೆ ಅಣ್ಣ ಹಾಸಿಗೆಯಿಂದಲೇ ಕಾರಣ ಹೇಳಿದ್ದ. ಕಂಪ್ರೆಸರ್ 8 ಬಾರ್ ತುಂಬಿ ನಿಂತಾಗ ಪ್ರೆಷರ್ ಸ್ವಿಚ್ಚಿನ ಕೆಳಗಿನ ಪುಟ್ಟ ಅನ್‌ಲೋಡರ್ ವಾಲ್ವು ತೆರೆದು, ಪಂಪಿಗೂ ಟ್ಯಾಂಕಿಗೂ ನಡುವಿನ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಬೇಕು. ಅದೇ ಆ ಉಸ್. ಬಿಡದಿದ್ದರೆ ಮುಂದಿನ ಸಲ ಮೋಟಾರ್ ಏಳಬೇಕಾದದ್ದು ಪಿಸ್ಟನ್ನಿನ ತಲೆಯ ಮೇಲೆ ಪೂರ್ತಿ ಒತ್ತಡ ಹೊತ್ತುಕೊಂಡು. ತಿಣುಕುತ್ತದೆ, ತಿಣುಕುವಷ್ಟು ಹೊತ್ತೂ 90 ಆಂಪಿಯರ್ ಎಳೆಯುತ್ತದೆ. ಬಿಚ್ಚಿ ನೋಡಿದರೆ ಹಾಗೇ ಇತ್ತು. ವಾಲ್ವಿಗೆ ಹೋಗುವ ಸಪೂರ ನಳಿಕೆಯಲ್ಲಿ ಎಣ್ಣೆ-ತುಕ್ಕಿನ ರಾಡಿ ಗಟ್ಟಿಯಾಗಿ ಕೂತಿತ್ತು. ಹತ್ತು ನಿಮಿಷದ ಕೆಲಸ.

ಆದರೆ ಅಷ್ಟು ಹೊತ್ತು 90 ಆಂಪಿಯರ್ ಹರಿದರೂ ಎಂಸಿಬಿ ಯಾಕೆ ಬೀಳಲಿಲ್ಲ? ಇದಕ್ಕೆ ಉತ್ತರ ಗೊತ್ತಿದ್ದವನು ತಮ್ಮ ಒಬ್ಬನೇ. ಮೊದಲ ದಿನ 16 ಆಂಪಿಯರಿನ ಎಂಸಿಬಿ ಮೂರು ಸಲಕ್ಕೊಮ್ಮೆ ಬೀಳುತ್ತಿತ್ತು. ಅವನು ಅಂಗಡಿಗೆ ಹೋಗಿ 32ರದ್ದು ತಂದು ಹಾಕಿದ್ದ. ಇದು ನಮ್ಮ ದೇಶದ ಅತಿ ಸಾಮಾನ್ಯ ರಿಪೇರಿ, ಅತಿ ಕೆಟ್ಟದ್ದೂ ಹೌದು. ಎಂಸಿಬಿ ಕಾಯುವುದು ಯಂತ್ರವನ್ನಲ್ಲ, ಗೋಡೆಯೊಳಗಿನ ತಂತಿಯನ್ನು. ಕೊಳವೆಯಲ್ಲಿ ಕೂತ 2.5ರ ತಂತಿ ಇಪ್ಪತ್ತರ ಆಸುಪಾಸಿನಲ್ಲೇ ಬೆಚ್ಚಗಾಗುತ್ತದೆ. 32ರ ಎಂಸಿಬಿಗೆ ಆ ಬಿಸಿ ಕಾಣಿಸುವುದೇ ಇಲ್ಲ. ತಂತಿ ಹೋಗುವುದು ಆಕ್ಸಿಜನ್ ಇರುವ ಕೋಣೆಯ ಗೋಡೆಯಲ್ಲಿ. ತಮ್ಮ ಇದನ್ನು ಅಣ್ಣನಿಗೆ ಹೇಳಲಿಲ್ಲ. ಅದೇ ರಾತ್ರಿ 16ನ್ನು ವಾಪಸು ಹಾಕಿ ಕಂಪ್ರೆಸರಿನ ಪ್ಲಗ್ಗು ಕಿತ್ತಿಟ್ಟ.

ಇನ್ನೊಬ್ಬರ ಕೈ ಬೇಕೆಂದು ಆಗ ಒಪ್ಪಿಕೊಂಡ. ಬಂದವನು ಜತ್ತ ತಾಲೂಕಿನ ಹುಡುಗ. ಸಾಂಗಲಿ ಜಿಲ್ಲೆಯ ಆ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆ-ಕಚೇರಿಯ ಮಾತು ಮರಾಠಿ. ಹುಡುಗ ವಾಕ್ಯವನ್ನು ಒಂದರಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸುತ್ತಾನೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್. ಈ ಭಾಗದ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ, ಆದ್ದರಿಂದ ಅವನ ಖಾಸಗಿ ಕೆಲಸಗಳೆಲ್ಲ ಗುರುವಾರವೇ.

ಹುಡುಗ ಮೊದಲು ಮಾಡಿದ ಕೆಲಸ ಸಾಕೆಟ್ಟು ಬಿಚ್ಚಿದ್ದು. ಬಿಚ್ಚಿದವನು ಏನೂ ಹೇಳದೆ ತಮ್ಮನನ್ನು ಕರೆದು ತೋರಿಸಿದ. ಮೂರನೆಯ ದೊಡ್ಡ ತೂತಿನ ಪಿನ್ನಿಗೆ, ಅರ್ಥಿಂಗಿನ ಹಸಿರು ತಂತಿ ಬರಬೇಕಾದ ಕಡೆ, ಎರಡು ಇಂಚಿನ ಕಪ್ಪು ತಂತಿ ಇತ್ತು. ಅದರ ಇನ್ನೊಂದು ತುದಿ ಪಕ್ಕದ ನ್ಯೂಟ್ರಲ್ ಪಿನ್ನಿನಲ್ಲಿ. ಹಸಿರು ತಂತಿ ಗೋಡೆಯಿಂದ ಬಂದೇ ಇರಲಿಲ್ಲ.

ಈ ಎರಡು ಇಂಚಿನ ತಂತಿ ಎಷ್ಟು ಮನೆಗಳಲ್ಲಿ ಇದೆಯೋ. ಅರ್ಥಿಂಗ್ ಎಳೆಯುವ ಖರ್ಚು ಉಳಿಸುವ ಹಳೇ ಉಪಾಯ. ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತದೆ, ‘ಅರ್ಥಿಂಗ್ ಇದೆ’ ಎಂದು ಮಾಲೀಕನಿಗೆ ತೋರಿಸಬಹುದು. ನ್ಯೂಟ್ರಲ್ ಸರಿಯಿರುವವರೆಗೆ ಏನೂ ಆಗುವುದಿಲ್ಲ. ಆದರೆ ಆ ಸಾಕೆಟ್ಟಿಗೂ ಮೀಟರಿಗೂ ನಡುವೆ ಎಲ್ಲಾದರೂ ಒಂದು ನ್ಯೂಟ್ರಲ್ ಸ್ಕ್ರೂ ಸಡಿಲವಾಯಿತು ಎಂದುಕೊಳ್ಳಿ. ಫೇಸಿನ ಕರೆಂಟು ಮೋಟಾರಿನ ಸುರುಳಿಯೊಳಗಿಂದ ಹಾದು ನ್ಯೂಟ್ರಲ್ ಪಿನ್ನಿಗೆ ಬರುತ್ತದೆ, ಅಲ್ಲಿಂದ ಮುಂದೆ ದಾರಿಯಿಲ್ಲದೆ ಆ ಎರಡು ಇಂಚಿನ ಮೂಲಕ ಯಂತ್ರದ ಮೈಗೇ ಬರುತ್ತದೆ. 160 ಲೀಟರಿನ ಕಬ್ಬಿಣದ ಟ್ಯಾಂಕು, ಗಾಳಿಯ ಪೈಪಿನ ಲೋಹದ ಜೋಡಣೆ, ಕೈಯಲ್ಲಿನ ರೆಂಚು. ಯಂತ್ರ ಕೆಟ್ಟಿಲ್ಲ, ಫ್ಯೂಸು ಹೋಗಿಲ್ಲ, ನೋಡುವವರಿಗೆ ‘ಕರೆಂಟಿಲ್ಲ’ ಅಷ್ಟೇ. ಕರೆಂಟಿಲ್ಲ ಎಂದೇ ಮನುಷ್ಯ ಹೋಗಿ ಮುಟ್ಟುತ್ತಾನೆ.

ಪುಣೆಯ ಮಳೆಗಾಲದಲ್ಲಿ ಆ ಗ್ಯಾರೇಜಿನ ನೆಲ ಒದ್ದೆ. ತಮ್ಮ ಅಲ್ಲಿ ಬರಿಗಾಲಲ್ಲಿ ಕೆಲಸ ಮಾಡುತ್ತಾನೆ.

ಹುಡುಗ ಹೇಳಿದ ಮೊದಲ ಉಪಾಯ ತ್ರೀ ಫೇಸ್ ಮೀಟರಿಗೆ ಅರ್ಜಿ ಹಾಕುವುದು. ಹಳೇ ಮೋಟಾರನ್ನೇ ಮತ್ತೆ ಕೂರಿಸಬಹುದು, ಓಡುವಾಗ ಒಂದೊಂದು ಫೇಸಿಗೆ ನಾಲ್ಕೂವರೆ ಆಂಪಿಯರ್, ಏಳುವಾಗ ಮೂವತ್ತರ ಒಳಗೆ, ದೀಪ ಬಾಗುವ ಮಾತೇ ಇಲ್ಲ. ಸರಿಯಾದ ಉಪಾಯವೇ. ಆದರೆ ತಿಂಗಳಿಗೆ ನಾಲ್ಕು ದಿನ ಓಡುವ ಯಂತ್ರಕ್ಕಾಗಿ ತಿಂಗಳು ತಿಂಗಳೂ ಹೆಚ್ಚಿನ ಸ್ಥಿರ ಶುಲ್ಕ ಕಟ್ಟಲು ಪಿಂಚಣಿಯ ಮನೆ ಒಪ್ಪಲಿಲ್ಲ. ಸಿಂಗಲ್ ಫೇಸಿನಲ್ಲೇ, ಆದರೆ ಸರಿಯಾಗಿ, ಎಂದಾಯಿತು.

ಮೀಟರಿನ ಪಕ್ಕದಿಂದ ಗ್ಯಾರೇಜಿಗೆ ನೇರವಾಗಿ ಹೊರಗೋಡೆಯ ಮೇಲೆ ಹೊಸ ಕೊಳವೆ, 14 ಮೀಟರ್. ಲೆಕ್ಕಕ್ಕೆ 4 ಚದರ ಮಿಲಿಮೀಟರಿನ ತಾಮ್ರ ಸಾಕಾಗುತ್ತಿತ್ತು. ಏಳುವಾಗಿನ ಇಳಿತ ಹನ್ನೆರಡು ವೋಲ್ಟಿನ ಬದಲು ಎಂಟಾಗಲಿ ಎಂದು 6 ತಂದರು. ಮುಖ್ಯವಾದದ್ದು ದಪ್ಪವಲ್ಲ, ದಾರಿ. ಇನ್ನು ಮೇಲೆ ಆ ಇಳಿತ ಕಂಪ್ರೆಸರಿನ ಸ್ವಂತ ತಂತಿಯಲ್ಲಿ. ಅಣ್ಣನ ಕೋಣೆಗೂ ಅದಕ್ಕೂ ಸಂಬಂಧವಿಲ್ಲ, ಕಂಬದ ಕೇಬಲ್ಲೊಂದನ್ನು ಬಿಟ್ಟು. ತಂತಿಯ ತಲೆಗೆ 25 ಆಂಪಿಯರಿನ ಸಿ ಮಾದರಿಯ ಎಂಸಿಬಿ. ಅದು ತಟ್ಟನೆ ಬೀಳಬೇಕಾದರೆ ಐದು ಪಟ್ಟು, ಅಂದರೆ ಕನಿಷ್ಠ 125 ಆಂಪಿಯರ್ ಬೇಕು, 90ಕ್ಕೆ ಬೆದರುವುದಿಲ್ಲ. ಯಂತ್ರದ ಪಕ್ಕದಲ್ಲಿ ಸ್ಟಾರ್ಟರು, ಅದರ ಓವರ್‌ಲೋಡ್ ರಿಲೇಯನ್ನು 15ಕ್ಕೆ ತಿರುಗಿಸಿಟ್ಟದ್ದು. ಮೋಟಾರನ್ನು ಕಾಯುವುದು ಅದರ ಕೆಲಸ. ಪ್ಲಗ್ಗು-ಸಾಕೆಟ್ಟು ಇಲ್ಲ, ಕೈಗೆಟಕುವಲ್ಲಿ ಒಂದು ಐಸೋಲೇಟರ್. ಕೊನೆಯ ಅರ್ಧ ಮೀಟರ್ ಬಾಗುವ ಕೊಳವೆ, ಏಕೆಂದರೆ ಯಂತ್ರ ನಡುಗುತ್ತದೆ, ಗೋಡೆ ನಡುಗುವುದಿಲ್ಲ. ನಡುವೆ ಬಿಗಿ ಕೊಳವೆ ಇದ್ದರೆ ವರ್ಷದೊಳಗೆ ತಂತಿ ಸವೆಯುತ್ತದೆ.

ಇಷ್ಟಾದ ಮೇಲೆ ಉಳಿದದ್ದು ಅರ್ಥಿಂಗ್. ತಮ್ಮ ಅಂದುಕೊಂಡದ್ದು, ಹೊಂಡ ತೋಡಿ ಪೈಪು ಇಳಿಸಿ ಇದ್ದಿಲು-ಉಪ್ಪು ತುಂಬಿದರೆ ಮುಗಿಯಿತು ಎಂದು. ಹೆಚ್ಚಿನವರು ಹಾಗೇ ಅಂದುಕೊಳ್ಳುತ್ತಾರೆ. ಮೂರೂವರೆ ಅಡಿ ಅಗೆಯುವಷ್ಟರಲ್ಲಿ ಸಬ್ಬಲು ‘ಠಣ್’ ಎಂದಿತು. ದಖ್ಖನ್ನಿನ ಕರಿಕಲ್ಲು. ಪುಣೆಯಲ್ಲಿ ಮಣ್ಣು ಎನ್ನುವುದು ಬಸಾಲ್ಟಿನ ಮೇಲೆ ಹಾಸಿದ ತೆಳು ಕಂಬಳಿ, ಮಳೆ ನಿಂತ ಮೂರು ತಿಂಗಳಿಗೆ ಅದೂ ಬಿರುಕು ಬಿಡುತ್ತದೆ. ಪೈಪನ್ನು ಓರೆಯಾಗಿ ಇಳಿಸಿ, ನೀರು ಹೊಯ್ದು, ಹುಡುಗ ಕಾರ್ಖಾನೆಯಿಂದ ಕೇಳಿ ತಂದಿದ್ದ ಟೆಸ್ಟರಿನಿಂದ ಅಳೆದ. 14 ಓಮ್.

ಹುಡುಗ ಗ್ಯಾರೇಜಿನ ಗೋಡೆಯ ಮೇಲೆ ಪೆನ್ಸಿಲಿನಿಂದ 230 ಬರೆದು ಕೆಳಗೆ ಗೆರೆ ಎಳೆದು 14 ಬರೆದ. ‘ಕಿತಿ ಆಲಾ ಕಾಕಾ? ಎಷ್ಟ ಬಂತು?’

ಹದಿನಾರೂಚಿಲ್ಲರೆ. ಅಂದರೆ ಫೇಸ್ ತಂತಿ ಜಾರಿ ಟ್ಯಾಂಕಿಗೆ ತಾಗಿದರೂ ಭೂಮಿಗೆ ಹರಿಯುವುದು 16 ಆಂಪಿಯರ್. ಮೋಟಾರ್ ದಿನವೂ ಓಡುವಾಗ ಎಳೆಯುವುದು 15. ಎಂಸಿಬಿಗೆ ಇವೆರಡರ ನಡುವೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಅದು ಬೀಳುವುದಿಲ್ಲ. ಅರ್ಥಿಂಗ್ ಇದ್ದೂ, ಹೊಂಡ ಇದ್ದೂ, ಹಸಿರು ತಂತಿ ಇದ್ದೂ ಟ್ಯಾಂಕಿನ ಮೈಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜು ನಿಂತೇ ಇರುತ್ತದೆ. ನಲವತ್ತು ವರ್ಷ ಯಂತ್ರಗಳ ನಡುವೆ ಕಳೆದವನು ಆ ಪೆನ್ಸಿಲಿನ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಕಾರ್ಖಾನೆಯಲ್ಲಿ ಇದನ್ನು ಯಾರೋ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಆ ಯಾರೋ ಇರುವುದಿಲ್ಲ.

1956ರ ಭಾರತೀಯ ವಿದ್ಯುತ್ ನಿಯಮಗಳ 61ನೆಯ ನಿಯಮವೇ ನೆಲಕ್ಕೆ ಕೂರಿಸಿದ ಮೋಟಾರಿನ ಚೌಕಟ್ಟಿಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಇರಬೇಕು ಎಂದಿತ್ತು. ಒಂದು ಕಡಿದರೆ ಇನ್ನೊಂದು ಇರಲಿ ಎಂದು. ಹುಡುಗನಿಗೆ ಅದು ಕಾರ್ಖಾನೆಯ ಅಭ್ಯಾಸ, ಮನೆಯೆಂದು ಬಿಡಲಿಲ್ಲ. ಅಂಗಳದ ಇನ್ನೊಂದು ಮೂಲೆಯಲ್ಲಿ, ನಲ್ಲಿಯ ನೀರು ಹರಿದು ಯಾವಾಗಲೂ ತೇವವಿರುವ ಕಡೆ ಎರಡನೆಯ ಪೈಪು ಇಳಿಸಿದ. ಎರಡೂ ಸೇರಿ 6 ಓಮ್ ಬಂತು. ಆದರೂ 38 ಆಂಪಿಯರೇ ಆಯಿತು, 25ರ ಎಂಸಿಬಿ ಅದಕ್ಕೆ ನಿಧಾನವಾಗಿ ಬಿಸಿಯಾಗಿ ನಿಮಿಷಗಟ್ಟಲೆ ಬಿಟ್ಟು ಬಿದ್ದೀತು.

ಇಲ್ಲಿ ಕೆಲಸ ಮಾಡುವುದು ಆರ್‌ಸಿಸಿಬಿ. ಅದು ಎಷ್ಟು ಕರೆಂಟು ಹರಿಯಿತು ಎಂದು ನೋಡುವುದಿಲ್ಲ. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಮಾತ್ರ ನೋಡುತ್ತದೆ. 30 ಮಿಲಿಆಂಪಿಯರ್ ಲೆಕ್ಕ ತಪ್ಪಿದರೆ, ಅಂದರೆ ಒಂದು ಆಂಪಿಯರಿನ ಮೂವತ್ತಮೂರನೆಯ ಒಂದು ಪಾಲು ಬೇರೆ ದಾರಿ ಹಿಡಿದರೆ, ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಎರಡನ್ನೂ ಕಡಿಯುತ್ತದೆ. ಆ ಬೇರೆ ದಾರಿ ಕಬ್ಬಿಣದ ಪೈಪಾಗಲಿ, ಮನುಷ್ಯನ ಮೈಯಾಗಲಿ.

ಮನೆಗೆಲ್ಲ ಒಂದೇ ಆರ್‌ಸಿಸಿಬಿ ಹಾಕಿದರೆ ಅಗ್ಗ. ತಮ್ಮ ಅದನ್ನೇ ಕೇಳಿದ. ಹುಡುಗ ಮೇಲಿನ ಕೋಣೆಯ ಕಡೆ ಕೈತೋರಿಸಿದ. ಕೆಳಗೆ ಕಂಪ್ರೆಸರಿನಲ್ಲಿ ತೇವಕ್ಕೆ ಸ್ವಲ್ಪ ಸೋರಿಕೆಯಾದರೆ ಮೇಲಿನ ಪೆಟ್ಟಿಗೆಯೂ ನಿಲ್ಲುತ್ತದೆ, ಅದೂ ರಾತ್ರಿಯಾದರೆ? ಆದ್ದರಿಂದ ಗ್ಯಾರೇಜಿಗೆ ಒಂದು, ಅಣ್ಣನ ಕೋಣೆಗೆ ಒಂದು, ಉಳಿದ ಮನೆಗೆ ಒಂದು. ಖರ್ಚು ಮೂರು ಪಟ್ಟು.

ಮೀಟರಿನ ಬದಿಯ ಕೆಲಸಕ್ಕೆ ಇಡೀ ಮನೆಯ ಕರೆಂಟು ತೆಗೆಯಬೇಕಾದದ್ದು ಮುಂದಿನ ಗುರುವಾರ. ಅದಕ್ಕಾಗಿ ಬಿ ಮಾದರಿಯ ಸಿಲಿಂಡರ್ ತುಂಬಿಸಿ ತಂದಿದ್ದರು. 1500 ಲೀಟರ್, ಅಣ್ಣನಿಗೆ ನಿಮಿಷಕ್ಕೆ 2, ಹನ್ನೆರಡು ತಾಸಿಗೆ ಸಾಕು. ಕೆಲಸ ಎರಡು ತಾಸಿನದು. ಆಯಿತು ನಾಲ್ಕು. ಯಾಕೆಂದರೆ ಉಳಿದ ಮನೆಯ ಆರ್‌ಸಿಸಿಬಿ ಮೇಲೆತ್ತಿದರೆ ನಿಲ್ಲುತ್ತಲೇ ಇರಲಿಲ್ಲ, ಎತ್ತಿದಷ್ಟು ಸಲವೂ ಬೀಳುತ್ತಿತ್ತು. ಒಂದೊಂದೇ ಸಾಕೆಟ್ಟು ಬಿಚ್ಚುತ್ತ ಹೋದರು. ಬಚ್ಚಲಿನ ಗೀಸರಿನ ಹಿಂದೆ ಇನ್ನೊಂದು ಎರಡು ಇಂಚಿನ ಕಪ್ಪು ತಂತಿ. ಹಳೇ ಕೈಯದೇ. ಹೆಣ್ಣುಮಕ್ಕಳು, ಮೊಮ್ಮಕ್ಕಳು ಮೂವತ್ತು ವರ್ಷ ಆ ನಲ್ಲಿಯ ಕೆಳಗೆ ಮಿಂದಿದ್ದಾರೆ. ಅಡುಗೆಮನೆಯಿಂದ ಬಂದು ನೋಡಿದ ತಮ್ಮನ ಹೆಂಡತಿ ಆ ತುಂಡನ್ನು ಕೈಯಲ್ಲಿ ಹಿಡಿದು, ಇಷ್ಟೇನಾ, ಎಂದು ಕೇಳಿದಳು.

ಆ ನಾಲ್ಕು ತಾಸು ಅಣ್ಣ ಸಿಲಿಂಡರಿನ ಗೇಜು ನೋಡುತ್ತ ಕೂತಿದ್ದ. ಪೆಟ್ಟಿಗೆಯ ಸದ್ದಿಲ್ಲದ ಕೋಣೆ ಅವನಿಗೆ ಬಹಳ ದಿನದಿಂದ ಅಭ್ಯಾಸವಿರಲಿಲ್ಲ. ಯಾರೂ ಕೇಳದಿದ್ದರೂ ಮೆಟ್ಟಿಲಿನ ಕಡೆ ಮುಖಮಾಡಿ ಮುಳ್ಳು ಎಲ್ಲಿದೆ ಎಂದು ಆಗಾಗ ಕೂಗಿ ಹೇಳುತ್ತಿದ್ದ.

ಸಂಜೆ ಆರಕ್ಕೆ ಪರೀಕ್ಷೆ. ಅಣ್ಣನ ಹಾಸಿಗೆಯ ಪಕ್ಕದ ಸಾಕೆಟ್ಟಿಗೆ ಅಂಕಿ ತೋರಿಸುವ ಪುಟ್ಟ ವೋಲ್ಟ್‌ಮೀಟರ್ ಚುಚ್ಚಿ, ಅವನ ಕೈಗೆ ಫೋನು ಕೊಟ್ಟು ತಮ್ಮ ಕೆಳಗಿಳಿದ. ಚಪ್ಪಲಿ ಹಾಕಿಕೊಂಡಿದ್ದ. ಹುಡುಗ ಮೊದಲು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳುವುದನ್ನು ನೋಡಿದ, ಮತ್ತೆ ಎತ್ತಿದ, ಗೋಡೆಯ ಮೇಲೆ ಲೆಕ್ಕದ ಕೆಳಗೇ ಪೆನ್ಸಿಲಿನಿಂದ ತಾರೀಖು ಬರೆದ. ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದಾಗಲೆಲ್ಲ ಬರೀಬೇಕು ಎಂದ.

‘ಎಷ್ಟೈತಿ?’

‘ಎರಡನೂರಾ ಇಪ್ಪತ್ತಾರು.’

ಸ್ಟಾರ್ಟರಿನ ಹಸಿರು ಗುಂಡಿ. ಬೆಲ್ಟು ಒಮ್ಮೆ ಕಿರುಗುಟ್ಟಿ, ಟಕ್ ಎಂದು ಕೆಪಾಸಿಟರ್ ಕಳಚಿ, ಎರಡು ಸಿಲಿಂಡರು ಓಡತೊಡಗಿದವು.

‘ಹದಿನೇಳಕ್ಕ ಹೋಗಿತ್ತು. ಈಗ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕಕ್ಕ ನಿಂತೈತಿ.’

‘ಪೆಟ್ಟಿಗಿ?’

‘ಅದಕ್ಕೇನಾಗೇತಿ? ಓಡಾಕತ್ತೇತಿ.’

ಟ್ಯಾಂಕು ತುಂಬುವುದಕ್ಕೆ ಐದಾರು ನಿಮಿಷ ಹಿಡಿಯಿತು. ಯಾರೂ ಮಾತಾಡಲಿಲ್ಲ, ಫೋನು ಮಾತ್ರ ಇಬ್ಬರೂ ಇಟ್ಟಿರಲಿಲ್ಲ. ಮುಳ್ಳು 8 ಬಾರಿಗೆ ಬಂದು ಪ್ರೆಷರ್ ಸ್ವಿಚ್ಚು ಕಡಿದುಕೊಂಡಿತು, ಪುಲ್ಲಿ ನಿಧಾನವಾಯಿತು, ಕೆಳಗಿನ ಪುಟ್ಟ ವಾಲ್ವು ಉದ್ದಕ್ಕೆ ಉಸ್ ಎಂದಿತು.

‘ಈಗ ಬಿಟ್ಟಿತು ನೋಡು,’ ಎಂದ ಅಣ್ಣ. ಆಮೇಲೆ, ‘ಗಾಡಿ ಟಯರ್‌ಗೆ ಗಾಳಿ ಹಾಕು ಮೊದಲ. ಮುಂದಿಂದಕ್ಕ ಕಡಿಮಿ ಹಾಕು, ಬಿಗಿ ಆದರ ಅದು ಕೈಗೆ ಒದೀತೈತಿ.’

ಗಾಡಿಯ ಚಕ್ರಗಳಿನ್ನೂ ಗೋಡೆಗೆ ಒರಗಿಸಿಟ್ಟಿದ್ದವು, ಗಾಡಿಗೆ ಕೂಡಿರಲಿಲ್ಲ. ತಮ್ಮ ಮುಂದಿನ ಚಕ್ರವನ್ನು ಎಳೆದುಕೊಂಡು ವಾಲ್ವಿನ ಮುಚ್ಚಳ ತಿರುವಿದ.